ಬಂದರಿಗೆ ನೆರೆಹೊರೆ ಬೇಕು

ಓದುಗರ ಪತ್ರ: "ಅಂಕೋಲೆಯ ಕೇಣಿ, ಹೊನ್ನಾವರದ ಕಾಸರಕೋಡು ಬಂದರುಗಳಿಗೆ ವಿರೋಧ ಎಂದು ನಿಮ್ಮ ಪತ್ರಿಕೆಯಲ್ಲಿ ಓದುತ್ತಲೇ ಇದ್ದೇನೆ. ಜನ ಇರುವಲ್ಲಿ ಅದಿರು ಬಂದರು ಮಾಡಿದರೆ ಧೂಳು, ಲಾರಿ, ಗಲಾಟೆ ಯಾವುದೂ ತಪ್ಪುವುದಿಲ್ಲ. ಆಸ್ಟ್ರೇಲಿಯಾ, ಬ್ರೆಜಿಲ್‌ನವರು ಜನವಸತಿಯೇ ಇಲ್ಲದ ದ್ವೀಪಗಳಿಂದ ಕಬ್ಬಿಣದ ಅದಿರು ಸಾಗಿಸುತ್ತಾರೆ. ನಮ್ಮಲ್ಲಿ ಮುರ್ಡೇಶ್ವರದ ಎದುರಿನ ನೇತ್ರಾಣಿ, ಕಾರವಾರದ ಎದುರಿನ ದೇವಗಡದಂಥ ದ್ವೀಪಗಳು ಸುಮ್ಮನೆ ಬಿದ್ದಿವೆ. ಅಲ್ಲಿ ಬಂದರು ಕಟ್ಟಿದರೆ ಯಾರಿಗೆ ನಷ್ಟ?" (ಶಿರಸಿಯ ಓದುಗರೊಬ್ಬರು)

ಸಂಪಾದಕರ ಉತ್ತರ:

ನಿಮ್ಮ ಪತ್ರದಲ್ಲಿ ಸರಿಯಾದ ಮಾತೊಂದಿದೆ, ಅದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಅದಿರು ತುಂಬಿದ ದೊಡ್ಡ ಹಡಗಿಗೆ ಆಳದ ನೀರು ಬೇಕು. ನಮ್ಮ ಕರಾವಳಿಯ ಹೊಯ್ಗೆ ದಡದಲ್ಲಿ ಆ ಆಳ ಸುಲಭಕ್ಕೆ ಸಿಗುವುದಿಲ್ಲ. ಕಾಲುವೆ ತೋಡಬೇಕು, ತೋಡಿದ್ದನ್ನು ಪ್ರತಿ ಮಳೆಗಾಲ ಹೂಳು ಮುಚ್ಚುತ್ತದೆ, ಮತ್ತೆ ತೋಡಬೇಕು. ಕಲ್ಲಿನ ದ್ವೀಪದ ಬುಡದಲ್ಲಿ ಆಳ ತಾನಾಗಿಯೇ ಇರುತ್ತದೆ. ಬ್ರೆಜಿಲ್‌ನ ರಿಯೊ ಡಿ ಜನೈರೊ ರಾಜ್ಯದ ಮಂಗರಾತಿಬಾ ಊರಿನ ಎದುರಿನ ಗ್ವಾಯಿಬಾ ದ್ವೀಪದಲ್ಲಿ 1973ರಿಂದ ಅದಿರು ಬಂದರು ನಡೆಯುತ್ತಿರುವುದು ಇದೇ ಕಾರಣಕ್ಕೆ. ಒಳನಾಡಿನ ಮಿನಾಸ್ ಜೆರೈಸ್ ರಾಜ್ಯದ ಗಣಿಗಳ ಅದಿರು ರೈಲಿನಲ್ಲಿ ಬಂದು, ಸಮುದ್ರದ ಮೇಲಿನ ಸೇತುವೆ ದಾಟಿ ದ್ವೀಪ ಸೇರುತ್ತದೆ. ಬಂದರು ಕಟ್ಟುವವರಿಗೆ ದ್ವೀಪ ಇಷ್ಟವಾಗುವುದು ಸಹಜ.

ಆದರೆ ನಿಮ್ಮ ಪ್ರಶ್ನೆ ಆಳದ ಬಗ್ಗೆ ಅಲ್ಲ. ಜನ ಇಲ್ಲದಿದ್ದರೆ ತೊಂದರೆ ಇಲ್ಲ ಎಂದು ನೀವು ನಂಬಿದ್ದೀರಿ. ಪತ್ರಿಕೆಗೆ ಬರುವ ಎಷ್ಟೋ ಪತ್ರಗಳಲ್ಲಿ ಈ ನಂಬಿಕೆ ಕಾಣುತ್ತದೆ, ಬರೆದವರೆಲ್ಲ ನಿಮ್ಮ ಹಾಗೆ ಒಳ್ಳೆಯ ಮನಸ್ಸಿನವರೇ. ನಾನು ಇದನ್ನು ಒಪ್ಪುವುದಿಲ್ಲ. ಯಾಕೆ ಎಂದು ಹೇಳುವುದಕ್ಕೆ ಸ್ವಲ್ಪ ಹೆಚ್ಚೇ ಜಾಗ ತೆಗೆದುಕೊಳ್ಳುತ್ತೇನೆ.

ಆಸ್ಟ್ರೇಲಿಯಾದ ದ್ವೀಪ ಎಂದಾಗ ನಿಮ್ಮ ಮನಸ್ಸಿನಲ್ಲಿದ್ದದ್ದು ಬಹುಶಃ ಕೂಲನ್. ಪಶ್ಚಿಮ ಆಸ್ಟ್ರೇಲಿಯಾದ ಕಿಂಬರ್ಲಿ ಕರಾವಳಿಯಲ್ಲಿ, ಡರ್ಬಿ ಪಟ್ಟಣದಿಂದ ಸುಮಾರು 140 ಕಿ.ಮೀ. ಉತ್ತರಕ್ಕೆ, ಯಾಂಪಿ ಸೌಂಡ್ ಎಂಬ ಕಡಲ ತೋಳಿನಲ್ಲಿದೆ. ಪಕ್ಕದ ಕಾಕಟೂ ದ್ವೀಪದಿಂದ ಬಿಎಚ್‌ಪಿ ಕಂಪನಿ 1951ರಲ್ಲೇ ಅದಿರು ಸಾಗಿಸಲು ಆರಂಭಿಸಿತ್ತು. ಕೂಲನ್ ಗಣಿ ಶುರುವಾದದ್ದು 1965ರಲ್ಲಿ. ಶೇ. 65ರ ಆಸುಪಾಸು ಕಬ್ಬಿಣ ಇರುವ ಹೆಮಟೈಟ್, ತೊಳೆಯದೆ ಒಡೆದು ಹಾಗೇ ಹಡಗಿಗೆ ಹಾಕಬಹುದಾದ ಉತ್ತಮ ಅದಿರು. ಗಣಿಯೂ ಅಲ್ಲೇ, ಧಕ್ಕೆಯೂ ಅಲ್ಲೇ. ಲಾರಿ ಇಲ್ಲ, ರೈಲಿಲ್ಲ. ಅದಿರಿನ ವ್ಯಾಪಾರಿಗೆ ಇದಕ್ಕಿಂತ ಅನುಕೂಲದ ಜಾಗ ಸಿಗುವುದು ಕಷ್ಟ. ಅಂಥ ಜಾಗದಲ್ಲೇ ಏನೇನಾಯಿತು ನೋಡಿ.

ಯಾಂಪಿ ಸೌಂಡಿನಲ್ಲಿ ದೊಡ್ಡ ಭರತಕ್ಕೂ ಇಳಿತಕ್ಕೂ ನಡುವೆ ನೀರು 10 ಮೀಟರಿಗೂ ಹೆಚ್ಚು ಏರಿಳಿಯುತ್ತದೆ. ಕಾರವಾರದಲ್ಲಿ ಇದು ಎರಡು ಮೀಟರ್ ಆಸುಪಾಸು. ಮೂರು ಮಹಡಿ ಎತ್ತರದಷ್ಟು ನೀರು ದಿನಕ್ಕೆರಡು ಸಲ ಬಂದು ಹೋಗುವಾಗ ಧಕ್ಕೆಗೆ ಕಟ್ಟಿದ ಹಡಗಿನ ಹಗ್ಗಗಳನ್ನು ಬಿಡುತ್ತ, ಎಳೆಯುತ್ತ ಇರಬೇಕು. ಸಡಿಲ ಬಿಟ್ಟರೆ ಹಡಗು ಧಕ್ಕೆಯಿಂದ ದೂರ ಸರಿಯುತ್ತದೆ, ಬಿಗಿಯಾಗೇ ಇಟ್ಟರೆ ಹಗ್ಗ ಹರಿಯುತ್ತದೆ. ಅದಿರು ಸುರಿಯುವ ಶಿಪ್ ಲೋಡರಿನ ತೋಳೂ ಅಷ್ಟೇ ಏರಬೇಕು, ಇಳಿಯಬೇಕು. ಹಡಗು ಬರುವ, ಹೊರಡುವ ಹೊತ್ತನ್ನು ನೀರು ನಿರ್ಧರಿಸುತ್ತದೆ.

ಇನ್ನು ಗೋಡೆಯ ಕಥೆ. ಕೂಲನ್‌ನ ಮುಖ್ಯ ಅದಿರಿನ ಪಟ್ಟಿ ದ್ವೀಪದ ದಕ್ಷಿಣ ದಡದ ಅಂಚಿನಲ್ಲೇ ಇದ್ದು, ಕಡಲಮಟ್ಟದಿಂದ ಬಹಳ ಕೆಳಗೆ ಇಳಿಯುತ್ತದೆ. ಬಿಎಚ್‌ಪಿ 1993ರಲ್ಲಿ ಗಣಿ ಮುಚ್ಚಿ ಹೋದಾಗ ಗುಂಡಿಗೆ ಸಮುದ್ರದ ನೀರು ತುಂಬಿತ್ತು. 2007ರಲ್ಲಿ ಮೌಂಟ್ ಗಿಬ್ಸನ್ ಕಂಪನಿ ದ್ವೀಪದಲ್ಲಿ ಕೆಲಸ ಮತ್ತೆ ಶುರು ಮಾಡಿತು. ಗುಂಡಿಗೂ ಸಮುದ್ರಕ್ಕೂ ನಡುವೆ ಗೋಡೆ ಕಟ್ಟಿ, ನೀರೆತ್ತಿ, ಅದಿರು ತೆಗೆಯಿತು. 2014ರ ಕೊನೆಯಲ್ಲಿ ಆ ಗೋಡೆ ಕುಸಿಯಿತು. ಮೊದಲು ಒಂದು ಭಾಗ ಜಾರಿತು, ಕೆಲವೇ ವಾರಗಳಲ್ಲಿ ಒಡೆದು ಇಡೀ ಗಣಿ ಮುಳುಗಿತು. ಇಂಥ ಗೋಡೆಯ ಶತ್ರು ಹೊರಗಿನ ಅಲೆಯಷ್ಟೇ ಅಲ್ಲ. ಭರತದಲ್ಲಿ ಗೋಡೆಯೊಳಗೆ ನುಗ್ಗಿದ ನೀರು ಇಳಿತದಲ್ಲಿ ಅಷ್ಟೇ ಬೇಗ ಹೊರಗೆ ಬರುವುದಿಲ್ಲ. ಹೊರಗಿನ ಒತ್ತಡ ಇಳಿದಿರುತ್ತದೆ, ಒಳಗಿನದು ಉಳಿದಿರುತ್ತದೆ. ಜಿನುಗುವ ನೀರು ಸಣ್ಣ ಕಣಗಳನ್ನು ಹೊತ್ತು ತರುತ್ತದೆ, ಬುಡ ಸಡಿಲವಾಗುತ್ತದೆ. 10 ಮೀಟರ್ ಏರಿಳಿತದಲ್ಲಿ ಇದು ದಿನಕ್ಕೆರಡು ಸಲ ನಡೆಯುತ್ತದೆ. ನೀರು ಜಿನುಗದ ಒಳಗೋಡೆ ಸೇರಿಸಿ ಹೊಸದಾಗಿ ಕಟ್ಟಿ, ಗುಂಡಿಯ ನೀರನ್ನೆಲ್ಲ ಎತ್ತಿ, ಮುಖ್ಯ ಗಣಿಯಿಂದ ಮೊದಲ ಹಡಗು ಹೊರಟದ್ದು 2019ರ ಏಪ್ರಿಲ್‌ನಲ್ಲಿ. ನಾಲ್ಕೂವರೆ ವರ್ಷ ಹೋಯಿತು. 2022ರ ಆಗಸ್ಟ್‌ನಲ್ಲಿ ಅದಿರು ಒಡೆದು ಜರಡಿ ಹಿಡಿಯುವ ಘಟಕಕ್ಕೆ ಬೆಂಕಿ ಬಿದ್ದು ಮತ್ತೆ ತಿಂಗಳುಗಟ್ಟಲೆ ಸಾಗಣೆ ನಿಂತಿತು. ದಡದ ಬಂದರಾಗಿದ್ದರೆ ಪಕ್ಕದ ಊರಿನಿಂದ ಬಾಡಿಗೆ ಕ್ರಷರ್ ಬಂದು ನಿಲ್ಲುತ್ತಿತ್ತು. ದ್ವೀಪಕ್ಕೆ ಒಂದು ಬೇರಿಂಗ್ ಬೇಕಾದರೂ ಬಾರ್ಜಿಗೋ (ಸರಕು ಹೊರುವ ಚಪ್ಪಟೆ ತಳದ ದೋಣಿ) ವಿಮಾನಕ್ಕೋ ಕಾಯಬೇಕು. ಡೀಸೆಲ್, ಅಕ್ಕಿ, ಔಷಧಿ, ಕೆಲಸಗಾರರು ಎಲ್ಲರೂ ಎಲ್ಲವೂ ಹೊರಗಿನಿಂದಲೇ ಬರಬೇಕು.

ಕೂಲನ್ ಜನವಸತಿ ಇಲ್ಲದ ದ್ವೀಪವೂ ಆಗಿರಲಿಲ್ಲ. ಆ ಕಡಲೂ ದ್ವೀಪಗಳೂ ಡಂಬಿಮಂಗಾರಿ ಜನರದ್ದು. ಅವರ ಪಾರಂಪರಿಕ ಹಕ್ಕನ್ನು 2011ರಲ್ಲಿ ನ್ಯಾಯಾಲಯವೇ ಎತ್ತಿಹಿಡಿದಿದೆ. ಗಣಿಯ ಮೊದಲ ಕಾಲದಲ್ಲಿ ದ್ವೀಪದಲ್ಲಿ ನೂರಾರು ಜನ ಸಂಸಾರ ಹೂಡಿದ್ದರು, ಶಾಲೆ ಇತ್ತು. ಗಣಿ ಮುಚ್ಚಿದಾಗ ಅವರನ್ನೆಲ್ಲ ಕಳಿಸಿದರು. ಈಗ ಕಾಣುವ ಖಾಲಿತನ ನಿರ್ಧಾರ ತೆಗೆದುಕೊಂಡು ಮಾಡಿದ್ದು.

ಧೂಳಿನ ಮಾತಿಗೆ ಬನ್ನಿ. ದ್ವೀಪದಲ್ಲಿ ಬಂದರು ಮಾಡಿದರೆ ಊರಿಗೆ ಧೂಳು ಬರುವುದಿಲ್ಲ ಎಂದಿದ್ದೀರಿ. ಅದೇ ಪಶ್ಚಿಮ ಆಸ್ಟ್ರೇಲಿಯಾದ ಪೋರ್ಟ್ ಹೆಡ್‌ಲ್ಯಾಂಡ್‌ನಲ್ಲಿ ಫಿನುಕೇನ್ ದ್ವೀಪದಿಂದ 1966ರಿಂದಲೂ ಅದಿರು ತುಂಬುತ್ತಿದ್ದಾರೆ. ಊರು ಇರುವುದು ಬಂದರಿನ ಕಾಲುವೆಯ ಈಚೆ ದಡದಲ್ಲಿ. ಈಚೆಯ ರಾಶಿಗಳ ಧೂಳೂ ಆಚೆಯ ಧೂಳೂ ಸೇರಿ ಊರಿನ ಪಶ್ಚಿಮ ತುದಿಯ ಗೋಡೆಗಳೆಲ್ಲ ಕೆಂಪಾದವು. ಕೊನೆಗೆ ಆ ಭಾಗದ ಮನೆಗಳನ್ನು ಕೊಂಡುಕೊಳ್ಳುವ ಯೋಜನೆಗೆ ಸರ್ಕಾರವೇ ಕೈ ಹಾಕಬೇಕಾಯಿತು. ಗಾಳಿಗೆ ಕಾಲುವೆ ಅಡ್ಡವಾಗುವುದಿಲ್ಲ.

ಈಗ ನೇತ್ರಾಣಿಯಲ್ಲೇ ಬಂದರು ಎಂದಿಟ್ಟುಕೊಂಡು ಲೆಕ್ಕ ಮಾಡೋಣ. ಒಂದು ಸಾಧಾರಣ ಪನಾಮ್ಯಾಕ್ಸ್ (ಪನಾಮಾ ಕಾಲುವೆ ದಾಟಬಲ್ಲ ಗಾತ್ರದ) ಹಡಗಿಗೆ 70,000 ಟನ್ ಪುಡಿ ಅದಿರು ಬೇಕು. ಹೊಸಪೇಟೆ ಕಡೆಯಿಂದ ರೈಲಿನಲ್ಲಿ ತಂದರೆ 18ರಿಂದ 20 ರೇಕ್ (ಇಡೀ ಗೂಡ್ಸ್ ರೈಲು), 16 ಟನ್ ಲಾರಿಯಲ್ಲಿ ತಂದರೆ ಸುಮಾರು 4,400 ಲಾರಿ. ಆ ಲಾರಿಗಳು ಅರಬೈಲ್ ಘಟ್ಟ ಇಳಿದು ಬರಬೇಕಾದದ್ದು ದಡಕ್ಕೇ. ಹುಬ್ಬಳ್ಳಿ–ಅಂಕೋಲಾ ರೈಲು ಕಾಡಿನ ಪ್ರಶ್ನೆಯಲ್ಲಿ ಸಿಕ್ಕಿಕೊಂಡು ದಶಕಗಳಾದವು. ಅಂದರೆ ನೀವು ತಪ್ಪಿಸಬೇಕು ಎಂದ ಲಾರಿಯೂ ಅದರ ಧೂಳೂ ದಡದ ಊರಿಗೆ ಬಂದೇ ಬಂತು. ಅಲ್ಲಿಂದ 2,000 ಟನ್‌ನ ಬಾರ್ಜಿನಲ್ಲಿ 35 ಸುತ್ತು. ದಡದಲ್ಲಿ ಬಾರ್ಜಿಗೆ ತುಂಬುವುದು, ದ್ವೀಪದಲ್ಲಿ ಕ್ರೇನಿನ ಗ್ರಾಬ್‌ನಿಂದ ಬಾಚಿ ಎತ್ತಿ ರಾಶಿ ಹಾಕುವುದು, ರಾಶಿಯಿಂದ ಮತ್ತೆ ಕನ್ವೇಯರಿಗೆ. ಅದಿರನ್ನು ಎತ್ತಿ ಹಾಕಿದಷ್ಟೂ ಸಲ ಧೂಳು ಏಳುತ್ತದೆ, ಅದಿರು ನೀರಿಗೆ ಚೆಲ್ಲುತ್ತದೆ, ಗಟ್ಟಿ ಅದಿರಾದರೆ ಒಡೆದು ಪುಡಿಯಾಗುತ್ತದೆ. ಪುಡಿಗೆ ಬೆಲೆಯೂ ಕಡಿಮೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಾರ್ಜುಗಳು ತೆರೆದ ಕಡಲಿಗೆ ಇಳಿಯುವಂತೆಯೇ ಇಲ್ಲ.

ರಾಶಿ ಹಾಕಲು ಜಾಗ? 70,000 ಟನ್ ಎಂದರೆ ಸುಮಾರು 30,000 ಘನ ಮೀಟರ್. ಪುಡಿ ಅದಿರು ಸುಮಾರು 37 ಡಿಗ್ರಿ ಇಳಿಜಾರಿನಲ್ಲಿ ನಿಲ್ಲುತ್ತದೆ. 10 ಮೀಟರ್ ಎತ್ತರದ ರಾಶಿಗೆ ಬುಡದಲ್ಲಿ 27 ಮೀಟರ್ ಅಗಲ, 230 ಮೀಟರ್ ಉದ್ದ ಬೇಕು. ಇದು ಒಂದು ಹಡಗಿನ ಮಾಲು. ಬೇರೆ ಬೇರೆ ದರ್ಜೆಯ ಅದಿರು ಬೆರೆಯದಂತೆ ಇಡಲು ಇಂಥ ಮೂರು ರಾಶಿಯಾದರೂ ಬೇಕು, ನಡುವೆ ಯಂತ್ರ ಓಡುವ ದಾರಿ ಬೇಕು, ಸುತ್ತ ಚರಂಡಿ, ಚರಂಡಿಯ ತುದಿಗೆ ಕೆಸರು ತಂಗುವ ಹೊಂಡ ಬೇಕು. ನೇತ್ರಾಣಿ ಕಡಿದಾದ ಬಂಡೆ. ಅಷ್ಟು ಸಮತಟ್ಟು ಬೇಕೆಂದರೆ ದ್ವೀಪದ ನೆತ್ತಿ ಹಾರಿಸಬೇಕು. ಅಲ್ಲಿ ಬಿಳಿ ಹೊಟ್ಟೆಯ ಕಡಲ ಹದ್ದು ಗೂಡು ಕಟ್ಟುತ್ತದೆ, ಬುಡದಲ್ಲಿ ಹವಳ ಬೆಳೆಯುತ್ತದೆ, ಮೀನುಗಾರರು ಹರಕೆ ಹೊತ್ತು ಆಡು ಬಿಟ್ಟು ಬರುತ್ತಾರೆ. ದೇವಗಡದಲ್ಲಿ ದೀಪಸ್ತಂಭವಿದೆ. ಹತ್ತಿರದ ಕೂರ್ಮಗಡದಲ್ಲಿ ನರಸಿಂಹನ ಜಾತ್ರೆಗೆ ವರ್ಷಕ್ಕೊಮ್ಮೆ ದೋಣಿಗಳಲ್ಲಿ ಊರಿಗೆ ಊರೇ ಹೋಗುತ್ತದೆ. ಸುಮ್ಮನೆ ಬಿದ್ದಿವೆ ಎಂದು ಬರೆದಿದ್ದೀರಿ. ಒಮ್ಮೆ ಆ ಜಾತ್ರೆಗೆ ಹೋಗಿ ಬನ್ನಿ ಎಂದು ನಿಮ್ಮನ್ನು ಪ್ರೀತಿಯಿಂದಲೇ ಕೇಳುತ್ತೇನೆ.

ಅದಿರಿನ ವಿಷಯದಲ್ಲಿ ನನಗೆ ಅತ್ಯಂತ ಕಾಳಜಿಯ ಸಂಗತಿ ತೇವ. ಬಂದರು ಎಲ್ಲಿರಬೇಕು ಎಂದು ಹತ್ತು ಸಭೆ ನಡೆಯುತ್ತವೆ. ಅದಿರಿನಲ್ಲಿ ಎಷ್ಟು ನೀರಿದೆ ಎಂದು ಒಬ್ಬರೂ ಕೇಳುವುದಿಲ್ಲ.

ಪುಡಿ ಅದಿರು ಗುಡ್ಡೆಯಾಗಿ ನಿಂತಾಗ ಒಣಗಿದಂತೆಯೇ ಕಾಣುತ್ತದೆ. ಹಡಗಿನ ಹೋಲ್ಡಿನಲ್ಲಿ (ಸರಕು ತುಂಬುವ ಒಡಲಿನಲ್ಲಿ) ಎಂಜಿನ್ನಿನ ನಡುಕ, ಅಲೆಯ ತೂಗಾಟ ಸೇರಿ ಕಣಗಳು ಒಂದಕ್ಕೊಂದು ಒತ್ತಿಕೊಳ್ಳುತ್ತವೆ. ನಡುವಿನ ಗಾಳಿ ಹೊರಡುತ್ತದೆ, ನೀರು ಮಾತ್ರ ಉಳಿಯುತ್ತದೆ, ಆ ನೀರೇ ಭಾರ ಹೊರಲು ಶುರು ಮಾಡುತ್ತದೆ. ಕಡಲ ದಡದ ಒದ್ದೆ ಹೊಯ್ಗೆಯನ್ನು ಕಾಲಲ್ಲಿ ತುಳಿಯುತ್ತ ಹೋದರೆ ಅದು ಪಾಯಸದ ಹಾಗೆ ಅಲುಗುತ್ತದಲ್ಲ, ಹಾಗೆ. ಹಡಗು ಒಂದು ಕಡೆ ವಾಲಿದಾಗ ಅದಿರು ಅತ್ತ ಹರಿಯುತ್ತದೆ, ಮರಳಿ ವಾಲಿದಾಗ ಪೂರ್ತಿ ಹಿಂದಕ್ಕೆ ಬರುವುದಿಲ್ಲ. ಕೆಲವು ಗಂಟೆಗಳಲ್ಲಿ, ಕೆಲವೊಮ್ಮೆ ನಿಮಿಷಗಳಲ್ಲಿ ಹಡಗು ಮಗುಚುತ್ತದೆ.

2009ರ ಜುಲೈಯಲ್ಲಿ ಸುಮಾರು 13,600 ಟನ್ ಪುಡಿ ಅದಿರು ಹೊತ್ತು ಚೀನಾಕ್ಕೆ ಹೊರಟ ಏಷ್ಯನ್ ಫಾರೆಸ್ಟ್ ಹಡಗು ಮಂಗಳೂರಿನ ಎದುರಿಗೇ ಮುಳುಗಿತು. 18 ನಾವಿಕರನ್ನು ಕರಾವಳಿ ಕಾವಲು ಪಡೆ ಉಳಿಸಿತು. ಎರಡೇ ತಿಂಗಳಲ್ಲಿ ಒಡಿಶಾದ ಪಾರಾದೀಪ್‌ನಲ್ಲಿ ಬ್ಲ್ಯಾಕ್ ರೋಸ್ ಮುಳುಗಿ ಎಂಜಿನಿಯರೊಬ್ಬರು ಸತ್ತರು. ಎರಡೂ ಮಳೆಗಾಲದಲ್ಲಿ, ಎರಡರಲ್ಲೂ ಪುಡಿ ಅದಿರು.

ಅಂತರರಾಷ್ಟ್ರೀಯ ನಿಯಮ ಸ್ಪಷ್ಟವಾಗಿದೆ. ಅದಿರು ಯಾವ ತೇವದಲ್ಲಿ ಹರಿಯಲು ಶುರುವಾಗುತ್ತದೆ ಎಂದು ಪ್ರಯೋಗಾಲಯದಲ್ಲಿ ಕಂಡುಹಿಡಿಯುತ್ತಾರೆ. ಸಾಮಾನ್ಯವಾಗಿ ಅದರ ಶೇ. 90ರಷ್ಟು ತೇವ ಸಾಗಣೆಯ ಮಿತಿ. ಹರಿಯುವ ಬಿಂದು ಶೇ. 10 ಇದ್ದರೆ ಮಿತಿ ಶೇ. 9. ಈ ಮಿತಿಯ ಪರೀಕ್ಷೆ ಆರು ತಿಂಗಳೊಳಗಿನದಾಗಿರಬೇಕು, ತೇವದ ಪರೀಕ್ಷೆ ತುಂಬುವ ಮೊದಲಿನ ಏಳು ದಿನದೊಳಗಿನದಾಗಿರಬೇಕು, ನಡುವೆ ಮಳೆ ಬಂದರೆ ಮತ್ತೆ ಅಳೆಯಬೇಕು. ಮಾದರಿಯನ್ನು ರಾಶಿಯ ಮೇಲ್ಮೈಯಿಂದ ಕೆರೆದು ತಂದರೆ ಪ್ರಯೋಜನವಿಲ್ಲ. ಬಿಸಿಲಿಗೆ ಮೇಲ್ಪದರ ಒಣಗಿರುತ್ತದೆ, ನೀರು ಬುಡದಲ್ಲಿರುತ್ತದೆ. ಹಡಗಿನ ಮೇಲೆ ಮಾಡುವ ಡಬ್ಬಿ ಪರೀಕ್ಷೆಯೂ ಇದೆ. ಅರ್ಧದಿಂದ ಒಂದು ಲೀಟರಿನ ಡಬ್ಬಿಯಲ್ಲಿ ಅರ್ಧಕ್ಕೆ ಅದಿರು ತುಂಬಿ, 20 ಸೆಂ.ಮೀ. ಎತ್ತರದಿಂದ ಗಟ್ಟಿ ಮೇಜಿನ ಮೇಲೆ ಒಂದೆರಡು ಸೆಕೆಂಡಿಗೊಮ್ಮೆ 25 ಸಲ ಕುಟ್ಟಬೇಕು. ಮೇಲೆ ನೀರು ಕಂಡರೆ ಅಥವಾ ಅದಿರು ರಾಡಿಯಂತಾದರೆ ತುಂಬುವುದನ್ನು ನಿಲ್ಲಿಸಿ ಮತ್ತೆ ಪ್ರಯೋಗಾಲಯಕ್ಕೆ ಕಳಿಸಬೇಕು. ನೀರು ಕಾಣದಿದ್ದರೆ ಸುರಕ್ಷಿತ ಎಂದೇನೂ ಅಲ್ಲ. ಡಬ್ಬಿ ಎಚ್ಚರಿಸುತ್ತದೆ ಅಷ್ಟೇ, ಪ್ರಮಾಣಪತ್ರ ಕೊಡುವುದಿಲ್ಲ.

ಮೇಲೆ ಹೇಳಿದ 230 ಮೀಟರ್ ರಾಶಿಗೆ ನಮ್ಮ ಕರಾವಳಿಯ ಒಂದು ಜೋರು ದಿನದ 100 ಮಿ.ಮೀ. ಮಳೆ ಬಿದ್ದರೆ ಸುಮಾರು 600 ಟನ್ ನೀರು. ಎಲ್ಲವೂ ಇಂಗಿದರೆ ತೇವ ಶೇ. 0.8ಕ್ಕಿಂತ ಹೆಚ್ಚು ಏರುತ್ತದೆ. ಶೇ. 8 ಇದ್ದ ಅದಿರು ಎರಡು ದಿನದಲ್ಲಿ 9ರ ಮಿತಿ ದಾಟಬಹುದು. ಕಾರವಾರದಲ್ಲಿ ವರ್ಷಕ್ಕೆ 3,000 ಮಿ.ಮೀ. ಆಸುಪಾಸು ಮಳೆ. ಆದ್ದರಿಂದ ಮಾಡು ಹಾಕಿದ ಗೋದಾಮು ಬೇಕು. ಬಯಲಲ್ಲಿ ರಾಶಿ ಹಾಕಿ ಮಳೆ ನಿಂತ ಮೇಲೆ ತುಂಬುತ್ತೇವೆ ಎನ್ನುವವರ ಮಾತು ನಂಬಬೇಡಿ. ಧೂಳು ಅಡಗಿಸಲು ಸಿಂಪಡಿಸುವ ನೀರೂ ಇದೇ ತೇವಕ್ಕೆ ಸೇರುತ್ತದೆ. ಧೂಳು ಏಳದಷ್ಟು ಒದ್ದೆ, ಆದರೆ ಹರಿಯದಷ್ಟು ಒಣ, ಈ ಎರಡರ ನಡುವಿನ ಇಕ್ಕಟ್ಟಿನ ಜಾಗದಲ್ಲಿ ಅದಿರು ಇರಬೇಕು. ನೇತ್ರಾಣಿಯಂಥ ಬಂಡೆ ದ್ವೀಪದಲ್ಲಿ ಅಷ್ಟು ಸಿಹಿನೀರು ಸಿಗುವುದು ಕಷ್ಟ. ಉಪ್ಪುನೀರು ಸಿಂಪಡಿಸಿದರೆ ಉಕ್ಕಿನ ಕಾರ್ಖಾನೆಯವರು ತಕರಾರು ಮಾಡುತ್ತಾರೆ.

ಹಾಗೆಂದು ಅದಿರೇ ಸಾಗಿಸಬಾರದು ಎಂದು ನಾನು ಹೇಳುತ್ತಿಲ್ಲ. ಕುದುರೆಮುಖದ ಗಣಿ ಭದ್ರೆಗೆ ಮಾಡಿದ ಹಾನಿಯನ್ನು ಮರೆಯುವಂತಿಲ್ಲ, 2005ರ ಕೊನೆಗೆ ಅದು ಮುಚ್ಚಿದ್ದು ನ್ಯಾಯವೇ. ಆದರೆ ಅಲ್ಲಿನ ಅದಿರು ಘಟ್ಟ ಇಳಿದ ರೀತಿಯನ್ನು ಮೆಚ್ಚಬೇಕು. ನೀರಿನಲ್ಲಿ ಕಲಸಿ 67 ಕಿ.ಮೀ. ಕೊಳವೆಯಲ್ಲಿ ಪಣಂಬೂರಿಗೆ ಬಂತು, ಒಂದು ಲಾರಿಯೂ ಓಡಲಿಲ್ಲ. ಪಣಂಬೂರಿನಲ್ಲಿ ನೀರು ಸೋಸಿ, 1987ರಿಂದ ಉಂಡೆ ಕಟ್ಟಿ ಸುಟ್ಟು ಪೆಲೆಟ್ ಮಾಡಿದರು. ಪೆಲೆಟ್ ಹೋಲ್ಡಿನಲ್ಲಿ ಪುಡಿಯ ಹಾಗೆ ಹರಿಯುವುದಿಲ್ಲ, ಧೂಳೂ ಪುಡಿಗಿಂತ ಎಷ್ಟೋ ಕಡಿಮೆ. ಜನ ತುಂಬಿದ ನಗರದ ಪಕ್ಕದಲ್ಲೇ ಇದು ಸಾಧ್ಯವಾಯಿತು.

ಜನ ಪಕ್ಕದಲ್ಲಿದ್ದರೆ ಏನಾಗುತ್ತದೆ ಎಂಬುದಕ್ಕೆ ಆಸ್ಟ್ರೇಲಿಯಾದ್ದೇ ಉದಾಹರಣೆ ಕೊಡುತ್ತೇನೆ. 1930ರ ದಶಕದಲ್ಲಿ ಇದೇ ಕೂಲನ್ ಅದಿರಿನ ಮೇಲೆ ಜಪಾನಿನ ಕಣ್ಣಿತ್ತು. ದೇಶದ ಅದಿರು ತೀರಿಹೋಗುತ್ತದೆ ಎಂಬ ಕಾರಣ ಕೊಟ್ಟು 1938ರ ಜುಲೈ 1ರಿಂದ ಆಸ್ಟ್ರೇಲಿಯಾ ಅದಿರು ರಫ್ತನ್ನೇ ನಿಷೇಧಿಸಿತು. ಆ ನಿಷೇಧ ಸಡಿಲವಾದದ್ದು 1960ರಲ್ಲಿ. ಈಗ ಅದೇ ದೇಶ ವರ್ಷಕ್ಕೆ 80 ಕೋಟಿ ಟನ್ನಿಗೂ ಹೆಚ್ಚು ಸಾಗಿಸುತ್ತದೆ. ಆದರೆ ಅಂದು ಬೀಡುಕಬ್ಬಿಣಕ್ಕೆ ನಿಷೇಧ ಇರಲಿಲ್ಲ. 1938ರ ನವೆಂಬರ್‌ನಲ್ಲಿ ಪೋರ್ಟ್ ಕೆಂಬ್ಲಾದ ಧಕ್ಕೆ ಕೆಲಸಗಾರರು, ಚೀನಾದ ಮೇಲೆ ಬೀಳುವ ಬಾಂಬಿಗೆ ಈ ಕಬ್ಬಿಣ ಹೋಗುತ್ತದೆ ಎಂದು ಜಪಾನಿಗೆ ಹೊರಡಲಿದ್ದ ಡಾಲ್‌ಫ್ರಮ್ ಹಡಗಿಗೆ ತುಂಬಲು ನಿರಾಕರಿಸಿದರು. ಕೂಲಿಯಿಲ್ಲದೆ ಸುಮಾರು ಹತ್ತು ವಾರ ನಿಂತರು. ಅದು ಊರಿದ್ದ ಬಂದರು. ಮನೆ, ಅಂಗಡಿ, ಸಂಘ ಇದ್ದ ಬಂದರು.

ನಮ್ಮ ಬೇಲೆಕೇರಿಯನ್ನೂ ನೆನಪಿಸಿಕೊಳ್ಳಿ. 2010ರಲ್ಲಿ ಅರಣ್ಯ ಇಲಾಖೆ ಜಪ್ತಿ ಮಾಡಿದ ಸುಮಾರು 8 ಲಕ್ಷ ಟನ್ ಅದಿರಿನಲ್ಲಿ 5 ಲಕ್ಷ ಟನ್ನಿಗೂ ಹೆಚ್ಚು ಮಾಯವಾಗಿ ಹಡಗು ಹತ್ತಿತ್ತು. ಲೋಕಾಯುಕ್ತ ಸಂತೋಷ್ ಹೆಗ್ಡೆ ಆ ಜೂನ್‌ನಲ್ಲಿ ರಾಜೀನಾಮೆ ಕೊಡುವವರೆಗೆ ವಿಷಯ ಹೋಯಿತು, ಜುಲೈಯಲ್ಲಿ ರಾಜ್ಯ ಸರ್ಕಾರ ಕಿರು ಬಂದರುಗಳಿಂದ ಅದಿರು ರಫ್ತು ನಿಲ್ಲಿಸಿತು. ಲಾರಿ ಊರಿನ ರಸ್ತೆಯಲ್ಲಿ ಹೋಗುವ, ಹೆದ್ದಾರಿಯಿಂದ ಕೂಗಳತೆಯ ಬಂದರಿನಲ್ಲೇ ಇಷ್ಟು ಆಗುವುದಾದರೆ, ದೋಣಿಯಿಲ್ಲದೆ ಯಾರೂ ಹೋಗಲಾಗದ ದ್ವೀಪದ ರಾಶಿಗೆ ಲೆಕ್ಕ ಇಡುವವರು ಯಾರು?

ಗ್ವಾಯಿಬಾದ ಇನ್ನೊಂದು ಸಂಗತಿ ಹೇಳದೆ ಇರಲಾರೆ. 2017ರ ಮಾರ್ಚ್ 31ರಂದು ದಕ್ಷಿಣ ಅಟ್ಲಾಂಟಿಕ್‌ನಲ್ಲಿ ಮುಳುಗಿದ ಸ್ಟೆಲ್ಲಾರ್ ಡೈಸಿ 2,60,000 ಟನ್ ಅದಿರು ತುಂಬಿಕೊಂಡು ಹೊರಟದ್ದು ಆ ದ್ವೀಪದಿಂದಲೇ. ತೈಲ ಹಡಗನ್ನು ಅದಿರು ಹಡಗಾಗಿ ಬದಲಾಯಿಸಿದ್ದರು. ಹಡಗಿನ ಒಡಲೇ ಒಡೆದು ನೀರು ನುಗ್ಗಿತು. 24 ಜನರಲ್ಲಿ ಬದುಕಿದ್ದು ಇಬ್ಬರು. ದ್ವೀಪ ಇದಕ್ಕೆ ಕಾರಣವಲ್ಲ. ಆದರೆ ಅದಿರು ಬಂದರಿನ ಅಪಾಯಕ್ಕೆ ಸಿಕ್ಕುವ ಜನ ನಕ್ಷೆಯಲ್ಲಿ ದ್ವೀಪದ ಮೇಲೆ ಕಾಣುವವರಷ್ಟೇ ಅಲ್ಲ. ನಿಮ್ಮ 'ಯಾರಿಗೆ ನಷ್ಟ' ಎಂಬ ಪ್ರಶ್ನೆಯಲ್ಲಿ ನಾವಿಕರು ಬಿಟ್ಟುಹೋಗಿದ್ದಾರೆ.

ನಮ್ಮ ಜಿಲ್ಲೆಯಲ್ಲಿ ಇದು ಹೊಸತೂ ಅಲ್ಲ. ನೌಕಾನೆಲೆಗೆ ಜಾಗ ಬೇಕಾದಾಗ ಕಾರವಾರ, ಅಂಕೋಲಾ ತಾಲೂಕುಗಳ ಹಳ್ಳಿಗಳೇ ಎದ್ದುಹೋದವು, ಅಂಜದೀವ್ ದ್ವೀಪವನ್ನು ಅಲೆತಡೆಗೋಡೆಯಿಂದ ದಡಕ್ಕೆ ಜೋಡಿಸಿದರು. ದೇಶದ ರಕ್ಷಣೆಗೆ ಎಂದು ಜನ ಒಪ್ಪಿ ಬಿಟ್ಟುಕೊಟ್ಟರು, ಪರಿಹಾರಕ್ಕೆ ದಶಕಗಟ್ಟಲೆ ಅಲೆದರು. ಕಾಸರಕೋಡು ಟೊಂಕದ ಹೊಯ್ಗೆ ಕಾಗದದಲ್ಲಿ ಬರಿ ಜಾಗ. ಅಲ್ಲಿ ಮೀನು ಒಣಗಿಸುವ ಹೆಂಗಸರ ದುಡಿಮೆ ಯಾವ ಪಹಣಿಯಲ್ಲೂ ಬರೆದಿಲ್ಲ. ಅವರು ಎದ್ದು ನಿಂತು ಮಾತಾಡಿದರೆ ನೀವು ಗಲಾಟೆ ಎನ್ನುತ್ತೀರಿ. ನಿಮ್ಮಂಥ ಓದಿಕೊಂಡವರಿಂದ ಆ ಮಾತು ಬಂದದ್ದು ನನಗೆ ನೋವು ತಂದಿದೆ.

ನಿಮ್ಮ ಕಾಳಜಿ ನಿಜವಾದದ್ದು ಎಂದು ನಂಬಿ ಒಂದು ಕೆಲಸ ಒಪ್ಪಿಸುತ್ತೇನೆ. ಮುಂದೆ ಯಾವುದೇ ಬಂದರಿನ ಸಾರ್ವಜನಿಕ ಅಹವಾಲು ಸಭೆ ನಡೆದರೆ ಶಿರಸಿಯಿಂದ ಘಟ್ಟ ಇಳಿದು ಬನ್ನಿ. ತರುವ ಅದಿರಿನ ತೇವದ ಮಿತಿ ಎಷ್ಟು, ಅಳೆಯುವವರು ಯಾರು ಎಂದು ಕೇಳಿ. ಅದಿರಿಗೆ ಮಾಡು ಇದೆಯೋ ಬಯಲೋ, ದಡ ಮುಟ್ಟುವುದು ರೇಕಿನಲ್ಲೋ ಲಾರಿಯಲ್ಲೋ, ಚರಂಡಿಯ ಕೆಂಪು ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿ. ಉತ್ತರವನ್ನು ಬರಹದಲ್ಲಿ ಪಡೆದು ನಮಗೆ ಕಳಿಸಿ. ಅಂಕಿಗಳ ಸಮೇತ ಅಚ್ಚು ಮಾಡುತ್ತೇವೆ.